ಶಾಸನಕ್ಕೆ ಬೇಕಾದ ಓರೆ ಬೆಳಕು

ಬೆಂಗಳೂರಿನ ಹೊರವಲಯದ ಒಂದು ಕೆರೆಯ ಏರಿಯ ಬಳಿ, ಸುತ್ತಲ ಊರುಗಳ ಶಾಸನಗಳಿಗೂ ವೀರಗಲ್ಲುಗಳಿಗೂ ಒಂದು ಸಣ್ಣ ಪ್ರದರ್ಶನಶಾಲೆಯನ್ನು ಕೆಲವು ವರ್ಷಗಳ ಹಿಂದೆ ವಿನ್ಯಾಸಗೊಳಿಸಿದ್ದೆ. ಅದು ಕಟ್ಟಡವಾಗಲಿಲ್ಲ, ನಕ್ಷೆಗಳೂ ರಟ್ಟಿನ ಮಾದರಿಯೂ ಕಚೇರಿಯ ಅಟ್ಟ ಸೇರಿವೆ. ಆದರೂ ಸ್ಥಳೀಯ ಪರಂಪರೆಯನ್ನು ವಾಸ್ತುಶಿಲ್ಪಿ ಎಲ್ಲಿ ಹುಡುಕಬೇಕು ಎಂದು ಯಾರಾದರೂ ಕೇಳಿದಾಗ, ಕಟ್ಟಿ ಮುಗಿಸಿದ ಕೆಲಸಗಳಿಗಿಂತ ಮೊದಲು ನೆನಪಾಗುವುದು ಇದೇ.

ಕೆಲಸ ವಹಿಸಿದವರು ಮೊದಲ ಸಭೆಯಲ್ಲೇ ಹೊಯ್ಸಳ ಶೈಲಿಯ ಮುಂಭಾಗ ಬೇಕೆಂದರು. ಆಶ್ಚರ್ಯವೇನೂ ಆಗಲಿಲ್ಲ, 1956ರಲ್ಲಿ ವಿಧಾನಸೌಧ ಎದ್ದುನಿಂತ ಮೇಲೆ ಪರಂಪರೆಯೆಂದರೆ ಕಂಬ, ಕಳಶ, ಕೆತ್ತನೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆದರೆ ಹೊಯ್ಸಳರ ಕುಸುರಿಗೆ ಒದಗಿದ್ದು ಬಳಪದ ಕಲ್ಲು, ಗಣಿಯಿಂದ ತೆಗೆದ ಹೊಸತರಲ್ಲಿ ಮೆದುವಾಗಿದ್ದು ಆಮೇಲೆ ಗಡುಸಾಗುವಂಥದ್ದು. ಬೆಂಗಳೂರು ಕುಳಿತಿರುವುದಾದರೋ ಲಾಲ್‌ಬಾಗಿನ ಗುಡ್ಡದಲ್ಲಿ ಕಣ್ಣಿಗೆ ಬೀಳುವ, ಸುಮಾರು 300 ಕೋಟಿ ವರ್ಷ ಹಳೆಯ ಗಡಸು ಬಂಡೆಯ ಮೇಲೆ. ಈ ಕಲ್ಲಿನಲ್ಲಿ ಹೊಯ್ಸಳ ಮುಂಭಾಗ ಬೇಕೆಂದು ಹಟ ಹಿಡಿದರೆ ಕೊನೆಗೆ ಸಿಮೆಂಟಿನ ಅಚ್ಚೇ ಗತಿ.

ಇಲ್ಲಿನ ಕಲ್ಲು ಕೊಡುವುದು ಕುಸುರಿಯನ್ನಲ್ಲ, ಅಳತೆಯನ್ನು. ಸಾದರಹಳ್ಳಿಯ ಕಲ್ಲನ್ನು ಸಾಲಾಗಿ ಕುಳಿ ತೋಡಿ, ಬೆಣೆ ಹೊಡೆದು ಚಪ್ಪಡಿಯಾಗಿ ಸೀಳುತ್ತಾರೆ. ಒತ್ತಡವನ್ನು ಎಷ್ಟಾದರೂ ತಾಳುವ ಕಲ್ಲು ಬಾಗುವಿಕೆಯನ್ನು ತಾಳದಾದ್ದರಿಂದ ಕಂಬದಿಂದ ಕಂಬಕ್ಕೆ ಎಂಟು ಹತ್ತು ಅಡಿ ದಾಟಿಸಲು ಧೈರ್ಯ ಸಾಲದು. ಹಳೆಯ ಕಲ್ಲುಚಾವಣಿಯ ಮನೆಗಳ ಅಂಕಣವೂ, ಅಂದರೆ ಕಂಬಗಳ ನಡುವಿನ ಅಂತರವೂ, ಮಂಟಪಗಳ ಅಂಕಣವೂ ಹುಟ್ಟಿದ್ದು ಈ ಮಿತಿಯಿಂದಲೇ. ನಮ್ಮ ಶಾಲೆಯ ಅಂಕಣವನ್ನೂ ಒಂಬತ್ತು ಅಡಿಗೆ ನಿಲ್ಲಿಸಿದೆವು.

ನಿಜವಾಗಿ ಕಾಡಿದ್ದು ಬೆಳಕು. ಗಡಸು ಕಲ್ಲಿನ ಮೇಲೆ ಕೊರೆದ ಅಕ್ಷರ ಹೆಚ್ಚು ಆಳಕ್ಕಿಳಿದಿರುವುದಿಲ್ಲ. ಎದುರಿನಿಂದ ಬೆಳಕು ಬಿದ್ದರೆ ಬರಿಯ ಕಲ್ಲು ಕಾಣುತ್ತದೆ, ಮೈಗೆ ಸವರಿದಂತೆ ಓರೆಯಾಗಿ ಬಿದ್ದರೆ ಪ್ರತಿ ಗೀರೂ ನೆರಳು ಹೊತ್ತು ಏಳುತ್ತದೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನದ 'ಬೆಂಗಳೂರು' ಎಂಬ ಹೆಸರನ್ನು ಹುಡುಕಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಪ್ರತಿ ಕಲ್ಲಿನ ಮುಂದೆ, ಚಾವಣಿಯಲ್ಲಿ ಎರಡು ಚಪ್ಪಡಿಗಳ ನಡುವೆ ಗೇಣಗಲದ ಸೀಳು ಬಿಟ್ಟೆವು.

ತಪ್ಪಿದ್ದು ಅಲ್ಲೇ. ಕಲ್ಲುಗಳನ್ನು ನಾನು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿದ್ದೆ. ಮೇ ತಿಂಗಳ ಒಂದು ಮಧ್ಯಾಹ್ನ ಮಾದರಿಯನ್ನು ತಾರಸಿಗೆ ಒಯ್ದು ದಿಕ್ಕು ನೋಡಿ ಇಟ್ಟಾಗ ಅಷ್ಟೂ ರಟ್ಟಿನ ಕಲ್ಲುಗಳು ಕತ್ತಲಲ್ಲಿದ್ದವು. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಈ ಊರಿನಲ್ಲಿ ಏಪ್ರಿಲ್ ಕೊನೆಯ ವಾರ ನೆತ್ತಿಯನ್ನು ದಾಟುವ ನಡುಹಗಲ ಸೂರ್ಯ ಆಗಸ್ಟ್ ಮಧ್ಯದವರೆಗೂ ಉತ್ತರದ ಕಡೆಗೇ ಇರುತ್ತಾನೆ. ಶೂನ್ಯ ನೆರಳಿನ ದಿನವೆಂದು ಶಾಲಾಮಕ್ಕಳು ಕೋಲು ನೆಟ್ಟು ನೋಡುವ ಸಂಗತಿಯನ್ನು ನಾನು ಮರೆತಿದ್ದೆ. ಕಲ್ಲುಗಳನ್ನು ಪೂರ್ವಕ್ಕೆ ತಿರುಗಿಸಿದ ಮೇಲೆ, ಮೋಡವಿಲ್ಲದ ಯಾವ ದಿನವಾದರೂ ಹನ್ನೆರಡರ ಸುಮಾರಿಗೆ ಬೆಳಕು ಅವುಗಳ ಮೈ ಸವರಿ ಇಳಿಯುವಂತಾಯಿತು.

ಅಷ್ಟರಲ್ಲಿ ಇನ್ನೊಂದು ಅನುಮಾನ ತಲೆಯೆತ್ತಿತ್ತು. ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹದ ಒಂಬತ್ತನೆಯ ಸಂಪುಟದಲ್ಲಿ ದಾಖಲಿಸಿದ ಬೆಂಗಳೂರು ಸೀಮೆಯ ಕಲ್ಲುಗಳಲ್ಲಿ ಎಷ್ಟೋ ಇಂದು ಮೂಲ ಜಾಗದಲ್ಲಿಲ್ಲ ಎಂಬುದು ನಿಜ. ಆದರೆ ಕೆರೆ ಕಟ್ಟಿಸಿದವನಿಗೆ ಭೂಮಿ ಬಿಟ್ಟ ಕಟ್ಟುಕೊಡಗೆಯ ಶಾಸನವನ್ನು ಆ ಏರಿಯಿಂದ ಕಿತ್ತು ತಂದು ಬೇರೊಂದು ಕೆರೆಯ ದಡದ ಶಾಲೆಯಲ್ಲಿ ನಿಲ್ಲಿಸಿದರೆ, 'ಈ ಕೆರೆ' ಎಂಬ ಅದರ ಮಾತಿಗೆ ಅರ್ಥವೇನು ಉಳಿಯಿತು? ಯೋಜನೆಗೆ ಹಣ ನಿಂತದ್ದು ಆಮೇಲೆ. ನನ್ನ ಉತ್ಸಾಹ ಅದಕ್ಕೂ ಮುಂಚೆಯೇ ಕುಗ್ಗಿತ್ತು.

ಕೊನೆಯ ಹಾಳೆಯಲ್ಲಿ ಶಾಲೆಯೇ ಇಲ್ಲ. ಏರಿಯ ಮೇಲೆ, ತೂಬಿನ ಪಕ್ಕ, ಇದ್ದಲ್ಲೇ ಇರುವ ಒಂದು ಕಲ್ಲು. ಅದರ ಸುತ್ತ ಒಂಬತ್ತು ಅಡಿ ಅಂತರದ ನಾಲ್ಕು ಕಂಬ, ಮೇಲೆ ಚಪ್ಪಡಿ, ನಡುವೆ ಒಂದು ಗೇಣಿನ ಸೀಳು.