ಸಾರಿನ ಬಾಲ್ದಿ, ಇಲ್ಲದ ತಂತಿ

ನಮ್ಮ ಉಡುಪಿಯ ಕಡೆ ಮದುವೆ, ಉಪನಯನದ ಊಟಗಳಲ್ಲಿ ಹುಡುಗರ ಕೈಗೆ ಮೊದಲು ಬರುವುದು ಉಪ್ಪು, ಉಪ್ಪಿನಕಾಯಿ. ಅದರಲ್ಲಿ ಪಾಸಾದವನಿಗೆ ಮಾತ್ರ ಸಾರಿನ ಬಾಲ್ದಿ. ನನಗೆ ಬಾಲ್ದಿ ಸಿಕ್ಕಿದ ದಿನ ಪಂಕ್ತಿಯ ಆರನೆಯ ಎಲೆಯಲ್ಲೇ ಎಡವಿದೆ. ಅಲ್ಲಿದ್ದ ಹಿರಿಯರು ಅನ್ನದ ನಡುವೆ ಗುಂಡಿ ಮಾಡಿ ಕಾಯುತ್ತಿದ್ದರು. ಒಂದು ಸೌಟಿಗೆ ಗುಂಡಿ ತುಂಬಿತು. ಕೈ ತನ್ನ ಪಾಡಿಗೆ ಎರಡನೆಯ ಸೌಟನ್ನೂ ಸುರಿಯಿತು. ಸಾರು ಅನ್ನದ ಕಟ್ಟೆ ಒಡೆದು, ಎಲೆಯ ಅಂಚು ದಾಟಿ, ಅವರ ಪಂಚೆಯ ತನಕ ಹೋಯಿತು. ಅವರು ಬೈಯಲಿಲ್ಲ. “ಮಾಣಿ, ಎಲೆ ನೋಡಿ ಬಡಿಸು” ಎಂದರು, ಅಷ್ಟೇ.

ಈಗ ಮಣಿಪಾಲದಲ್ಲಿ ಕುಳಿತು ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಆ ಮಾತು ವಾರಕ್ಕೊಮ್ಮೆಯಾದರೂ ನೆನಪಾಗುತ್ತದೆ. ಕಂಪ್ಯೂಟರು ಮಾಹಿತಿ ಬಡಿಸುವಾಗಲೂ ಎಲೆ ತುಂಬಿದ್ದು ಕಾಣದೆ ಸುರಿಯುವುದುಂಟು.

ಮೊದಲು ನಿಜವಾದ ನೆಟ್‌ವರ್ಕ್ ಕಾರ್ಡಿನ ಕಥೆ. ಕಂಪ್ಯೂಟರಿನಿಂದ ಹೊರಡುವ ಮಾಹಿತಿ ತುಂಡುತುಂಡಾಗಿ, ಪ್ಯಾಕೆಟ್‌ಗಳಾಗಿ ಹೋಗುತ್ತದೆ; ಒಂದೊಂದು ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟ್‌ಗಳವರೆಗೆ ಇರುತ್ತದೆ. ಕಾರ್ಡಿಗೂ ಆಪರೇಟಿಂಗ್ ಸಿಸ್ಟಂಗೂ ನಡುವೆ ಸ್ಮರಣೆಯಲ್ಲಿ (ಮೆಮೊರಿಯಲ್ಲಿ) ಒಂದು ವರ್ತುಲ ಇರುತ್ತದೆ, ಇಂತಿಷ್ಟು ಮನೆಗಳುಳ್ಳದ್ದು. ಡ್ರೈವರ್, ಎಂದರೆ ಕಾರ್ಡನ್ನು ನಡೆಸುವ ಪ್ರೋಗ್ರಾಂ, ಒಂದು ಕಡೆಯಿಂದ ಮನೆ ತುಂಬುತ್ತಾ ಹೋಗುತ್ತದೆ, ಕಾರ್ಡು ಇನ್ನೊಂದು ಕಡೆಯಿಂದ ಖಾಲಿ ಮಾಡುತ್ತಾ ಬರುತ್ತದೆ. ತಂತಿಯ ವೇಗ ಸೆಕೆಂಡಿಗೆ ಒಂದು ಗಿಗಾಬಿಟ್ ಆದರೆ ಪೂರ್ಣ ಗಾತ್ರದ ಪ್ಯಾಕೆಟ್ ಹೊರಹೋಗಲು ಸುಮಾರು 12 ಮೈಕ್ರೋಸೆಕೆಂಡು ಬೇಕು. ಎಂದರೆ ಗಡಿಯಾರ ಇಟ್ಟ ಹಾಗೆ ಮನೆಗಳು ಖಾಲಿಯಾಗುತ್ತವೆ. ವರ್ತುಲ ತುಂಬುತ್ತಾ ಬಂದಾಗ ಡ್ರೈವರ್ ಮೇಲಿನವರಿಗೆ ‘ನಿಲ್ಲಿಸಿ’ ಎನ್ನುತ್ತದೆ, ಜಾಗವಾದಾಗ ‘ಬನ್ನಿ’ ಎನ್ನುತ್ತದೆ. ಸರದಿಯ, ಎಂದರೆ ಕಾಯುವ ಕ್ಯೂವಿನ, ಹರಿವಿನ ನಿಯಂತ್ರಣ ಎಂದರೆ ಇದೇ.

ವರ್ಚುವಲ್ ಯಂತ್ರಗಳಲ್ಲಿ ಇದು ಸಿಕ್ಕಾಗುತ್ತದೆ. ಒಂದು ದೊಡ್ಡ ಕಂಪ್ಯೂಟರಿನ ಹೊಟ್ಟೆಯಲ್ಲಿ ಹತ್ತಾರು ಪುಟ್ಟ ಕಂಪ್ಯೂಟರುಗಳು, ಪ್ರತಿಯೊಂದಕ್ಕೂ ತನಗೊಂದು ನೆಟ್‌ವರ್ಕ್ ಕಾರ್ಡು ಇದೆ ಎಂಬ ಭ್ರಮೆ. ಆದರೆ ಅಲ್ಲಿ ತಂತಿಯೇ ಇಲ್ಲ. ವರ್ತುಲದ ಆಚೆ ಕಡೆ ಕುಳಿತಿರುವುದು ಇನ್ನೊಂದು ಪ್ರೋಗ್ರಾಂ. ಪ್ರೊಸೆಸರ್ ಅದಕ್ಕೆ ಸಮಯ ಕೊಟ್ಟಾಗ ಅದು ಗಬಗಬನೆ ನೂರು ಪ್ಯಾಕೆಟ್ ನುಂಗಬಹುದು. ಕೊಡದಿದ್ದಾಗ ಕೆಲವು ಮಿಲಿಸೆಕೆಂಡು ಎಲೆಯ ಮುಂದೆ ತೂಕಡಿಸಬಹುದು. ನಿಯತವಾಗಿ ಉಣ್ಣುವವರಿಗೆ ಬಡಿಸುವುದು ಸುಲಭ. ಇಂಥವರಿಗೆ ಬಡಿಸುವುದೇ ಕಷ್ಟ.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಲೋಕದಲ್ಲಿ ಈ ಭ್ರಮೆಯ ಕಾರ್ಡಿಗೆ ಹೆಚ್ಚು ಬಳಕೆಯಲ್ಲಿರುವ ವಿನ್ಯಾಸ ವರ್ಟ್‌ಐಒ. ಇದನ್ನು ರೂಪಿಸಿದ ರಸ್ಟಿ ರಸೆಲ್ 2008ರಲ್ಲಿ ಅದರ ಬಗ್ಗೆ ಪ್ರಬಂಧ ಬರೆದರು. ಇದರ ವರ್ತುಲದಲ್ಲಿ ಸಾಮಾನ್ಯವಾಗಿ 256 ಮನೆ. ಇಲ್ಲೊಂದು ಜಾಣತನ ಇದೆ: ಡ್ರೈವರ್ ವರ್ತುಲ ಪೂರ್ತಿ ತುಂಬುವ ತನಕ ಕಾಯುವುದಿಲ್ಲ. ಒಂದೇ ಪ್ಯಾಕೆಟ್ ಸ್ಮರಣೆಯ ಬೇರೆ ಬೇರೆ ಪುಟಗಳಲ್ಲಿ ಹರಡಿಕೊಂಡಿದ್ದರೆ ಅದಕ್ಕೆ ವಾಡಿಕೆಯಂತೆ ಗರಿಷ್ಠ 17 ತುಣುಕು, ಮೇಲೆ ಇನ್ನೆರಡು, ಒಟ್ಟು 19 ಮನೆ ಬೇಕಾಗಬಹುದು. ಆದ್ದರಿಂದ ಖಾಲಿ ಮನೆ 19ಕ್ಕಿಂತ ಕಡಿಮೆಯಾದ ಕೂಡಲೇ ನಿಲ್ಲಿಸುತ್ತದೆ. ಮುಂದಿನ ಸೌಟು ಎಷ್ಟು ದೊಡ್ಡದೋ ಗೊತ್ತಿಲ್ಲದವನು ಒಂದು ಸೌಟಿನ ಜಾಗ ಇರುವಾಗಲೇ ಎಲೆಗೆ ಕೈ ಅಡ್ಡ ಹಿಡಿದಂತೆ.

ಎಲ್ಲ ವರ್ಚುವಲ್ ಸಾಧನಗಳಿಗೂ ಈ ಸಂಸ್ಕಾರ ಇಲ್ಲ. ಟನ್ ಎಂಬುದೊಂದಿದೆ, ಟನಲ್ ಎಂಬುದರ ಮೊಟಕು. ಮನೆಯಿಂದ ಕಚೇರಿಯ ಜಾಲಕ್ಕೆ ವಿಪಿಎನ್ ಎಂಬ ಗುಟ್ಟಿನ ದಾರಿಯ ಮೂಲಕ ಹೋಗುವಾಗ ನಿಮ್ಮ ಪ್ಯಾಕೆಟ್‌ಗಳು ಹೆಚ್ಚಾಗಿ ಇಂಥದ್ದೊಂದರ ಮೂಲಕವೇ ದಾಟುತ್ತವೆ. ಅದರ ಸರದಿಯಲ್ಲಿ ವಾಡಿಕೆಯಂತೆ 500 ಪ್ಯಾಕೆಟ್‌ಗಳಿಗೆ ಜಾಗ. 501ನೆಯದು ಬಂದರೆ? ‘ನಿಲ್ಲಿಸಿ’ ಎನ್ನುವುದಿಲ್ಲ. ಎಸೆಯುತ್ತದೆ, ಮುಂದಿನದನ್ನು ಬರಮಾಡಿಕೊಳ್ಳುತ್ತದೆ, ಅದನ್ನೂ ಎಸೆಯುತ್ತದೆ. ನಾನು ಅಂದು ಮಾಡಿದ್ದೂ ಇದನ್ನೇ.

ಇದು ಬರೆದವರ ಅಜ್ಞಾನವೇನಲ್ಲ. ಮೊದಲು ಟನ್ ಕೂಡ ನಿಲ್ಲಿಸುತ್ತಿತ್ತು. 2012ರಲ್ಲಿ ಆ ಕ್ರಮವನ್ನು ಕೈಬಿಟ್ಟರು. ಆಚೆ ಕಡೆಯ ಪ್ರೋಗ್ರಾಂ ಓದುವುದನ್ನೇ ಬಿಟ್ಟು ಕುಳಿತರೆ ನಿಂತ ಸರದಿ ನಿಂತೇ ಇರುತ್ತದೆ, ಕಳುಹಿಸಿದವನ ಸ್ಮರಣೆ ಅಲ್ಲೇ ಒತ್ತೆ ಬೀಳುತ್ತದೆ, ತಪ್ಪು ಯಾರದೆಂದು ಪತ್ತೆ ಹಚ್ಚುವುದೂ ಕಷ್ಟ. ಒಬ್ಬ ಎಲೆಯ ಮುಂದೆ ಗಾಢ ನಿದ್ದೆ ಹೋದರೆ ಅವನ ಎದುರು ಬಾಲ್ದಿ ಹಿಡಿದು ನಿಂತ ಹುಡುಗನಿಗೂ ಬಿಡುಗಡೆ ಇಲ್ಲ. 500 ಮನೆ ಇದ್ದರೆ ಚೆಲ್ಲುವುದು ಅಪರೂಪ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯೇ, ಎಲ್ಲ ದಿನ ಅಲ್ಲ.

ಕಳೆದ ಮಳೆಗಾಲದಲ್ಲಿ ನನಗೆ ಅಂಥ ದಿನ ಬಂತು. ಮನೆಯ ಹಳೆಯ ರೂಟರಿನಲ್ಲಿ ವಿಪಿಎನ್ ನಡೆಯುತ್ತಿತ್ತು. ಪಾಪದ ಪ್ರೊಸೆಸರ್, ಗೂಢಲಿಪಿ ಮಾಡಿ ದಾಟಿಸಲು ಅದಕ್ಕೆ ಸಾಧ್ಯವಿದ್ದದ್ದು ಸೆಕೆಂಡಿಗೆ 20 ಮೆಗಾಬಿಟ್ ಮಾತ್ರ. ಒಂದು ಕಡೆ ದೊಡ್ಡ ಕಡತವನ್ನು ಕಳುಹಿಸುತ್ತಿದ್ದೆ, ಇನ್ನೊಂದು ಕಡೆ ವೀಡಿಯೊ ಕರೆಯಲ್ಲಿ ಮಾತು. ಲೆಕ್ಕ ಹಾಕಿ: 500 ಪ್ಯಾಕೆಟ್, ತಲಾ 1500 ಬೈಟ್, ಬೈಟಿಗೆ 8 ಬಿಟ್, ಒಟ್ಟು 60 ಲಕ್ಷ ಬಿಟ್. 20 ಮೆಗಾಬಿಟ್ ವೇಗದಲ್ಲಿ ಅದು ಕರಗಲು 0.3 ಸೆಕೆಂಡು. ನನ್ನ ದನಿಯ ಪುಟ್ಟ ಪ್ಯಾಕೆಟ್ ಪ್ರತಿ ಸಲ ಕಡತದ ದಪ್ಪ ಪ್ಯಾಕೆಟ್‌ಗಳ ಹಿಂದೆ ಅಷ್ಟು ಹೊತ್ತು ನಿಲ್ಲಬೇಕು, ಅದೂ ಸರದಿಯಲ್ಲಿ ಜಾಗ ಸಿಕ್ಕರೆ. “ನಿಮ್ಮ ಊರಲ್ಲಿ ಮಳೆ ಜೋರಾ?” ಎಂದು ಆಚೆಯವರು ಕೇಳಿದರು. ಮಳೆ ಜೋರಿತ್ತು, ನಿಜ. ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ನನ್ನನ್ನು ನಿಜಕ್ಕೂ ರೇಗಿಸುವ ಸಂಗತಿ ಬೇರೆ. ಡ್ರೈವರಿನ ಮೇಲುಗಡೆ ಲಿನಕ್ಸ್ ಇನ್ನೊಂದು ಸರದಿಯನ್ನು ಇಡುತ್ತದೆ, ಅದು ಬಹಳ ಬುದ್ಧಿವಂತ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ ಕೋಡೆಲ್ ಎಂಬ ವಿಧಾನ ಸರದಿಯ ಉದ್ದವನ್ನು ನೋಡುವುದಿಲ್ಲ, ಪ್ಯಾಕೆಟ್ ಅದರಲ್ಲಿ ಕಳೆದ ಹೊತ್ತನ್ನು ನೋಡುತ್ತದೆ. ಕಾಯುವಿಕೆ 5 ಮಿಲಿಸೆಕೆಂಡು ಮೀರಿ ಹಾಗೆಯೇ ಉಳಿದರೆ ಒಂದೊಂದಾಗಿ ಕೈಬಿಟ್ಟು, ಕಳುಹಿಸುವವನಿಗೆ ‘ನಿಧಾನ’ ಎಂಬ ಸೂಚನೆ ಕೊಡುತ್ತದೆ. ಅದರ ಮುಂದುವರಿದ ರೂಪ ಕಡತಕ್ಕೆ ಒಂದು ಸಾಲು, ದನಿಗೆ ಒಂದು ಸಾಲು ಎಂದು ಬೇರೆ ಮಾಡುತ್ತದೆ. ಆದರೆ ಕೆಳಗಿನ ಡ್ರೈವರ್ ಯಾವತ್ತೂ ‘ಸಾಕು’ ಎನ್ನದಿದ್ದರೆ ಮೇಲಿನ ಸರದಿಯಲ್ಲಿ ಏನೂ ನಿಲ್ಲುವುದಿಲ್ಲ. ನಿಲ್ಲದಿದ್ದರೆ ಅದಕ್ಕೆ ಕಾಣುವುದೂ ಇಲ್ಲ. ಅನುಭವಿ ಅಡುಗೆ ಭಟ್ಟರು ಒಳಗೆ ಸುಮ್ಮನೆ ಕುಳಿತಿದ್ದಾರೆ, ಹೊರಗೆ ಸಾರು ಹರಿದು ಚಾಪೆ ಒದ್ದೆಯಾಗುತ್ತಿದೆ. ಸರದಿಯನ್ನು ಐದು ಸಾವಿರಕ್ಕೆ ಏರಿಸಿ ಎಂದು ಸಲಹೆ ಕೊಡುವವರೂ ಇದ್ದಾರೆ. ಆಗ ಚೆಲ್ಲುವುದು ನಿಲ್ಲುತ್ತದೆ, 0.3 ಸೆಕೆಂಡಿನ ಕಾಯುವಿಕೆ 3 ಸೆಕೆಂಡಾಗುತ್ತದೆ.

ಹಾಗಾದರೆ ಎಲ್ಲ ಡ್ರೈವರುಗಳಿಗೂ ನಿಲ್ಲಿಸುವುದನ್ನು ಕಲಿಸಬಾರದೇ? ನಿಲ್ಲಿಸುವುದೇನೋ ಸುಲಭ. ಮತ್ತೆ ಕರೆಯುವುದರಲ್ಲಿ ಮೋಸ ಹೋಗುತ್ತೇವೆ.

ಇಲ್ಲಿ ನನ್ನ ಪಂಕ್ತಿಯ ಉಪಮೆಯನ್ನು ಸ್ವಲ್ಪ ತಿದ್ದಬೇಕು. ವರ್ತುಲದಲ್ಲಿ ಉಣ್ಣುವವನು ಕೈ ಅಡ್ಡ ಹಿಡಿಯುವುದಿಲ್ಲ. ಬಡಿಸುವವನೇ ಎಲೆ ನೋಡಿ, ತುಂಬಿದ್ದರೆ ಹಿಂದೆ ಸರಿದು, ಕರೆಗಾಗಿ ಕಾಯಬೇಕು. ಅವನು ಎಲೆ ನೋಡಿದ: ತುಂಬಿದೆ. ‘ನಾನು ಕಾಯುತ್ತಿದ್ದೇನೆ’ ಎಂಬ ಚೀಟಿ ಇಡಲು ತಿರುಗಿದ. ಅಷ್ಟರಲ್ಲಿ ಉಣ್ಣುವವನು ಎಲ್ಲವನ್ನೂ ಮುಗಿಸಿ ಸುತ್ತ ನೋಡಿದ. ಚೀಟಿ ಇಲ್ಲ, ಎಂದರೆ ಯಾರೂ ಕಾಯುತ್ತಿಲ್ಲ. ಸರಿ ಎಂದು ಕಣ್ಣು ಮುಚ್ಚಿದ. ಈಗ ಚೀಟಿ ಬಂತು, ನೋಡುವವರಿಲ್ಲ. ಎಲೆ ಖಾಲಿ, ಬಾಲ್ದಿ ತುಂಬಾ ಸಾರು, ಇಬ್ಬರೂ ಒಬ್ಬರಿಗಾಗಿ ಇನ್ನೊಬ್ಬರು ಕಾಯುತ್ತಿದ್ದಾರೆ. ಪರಿಹಾರ ಹಳೆಯದೇ: ಚೀಟಿ ಇಟ್ಟ ಮೇಲೆ ಇನ್ನೊಮ್ಮೆ ಎಲೆ ನೋಡು. ಆದರೆ ಇಂದಿನ ಪ್ರೊಸೆಸರ್‌ಗಳು ವೇಗಕ್ಕಾಗಿ ಕೆಲಸಗಳ ಕ್ರಮವನ್ನೇ ಅದಲುಬದಲು ಮಾಡುತ್ತವೆ. ಎರಡನೆಯ ನೋಟ ಚೀಟಿಗಿಂತ ಮೊದಲೇ ನಡೆದುಹೋಗಿರಬಹುದು. ಹಾಗಾಗದಂತೆ ನಡುವೆ ತಡೆಗೋಡೆಯಂಥ ಆದೇಶವೊಂದನ್ನು ಬರೆಯಬೇಕಾಗುತ್ತದೆ.

2025ರಲ್ಲಿ ಕಂಟೇನರ್‌ಗಳನ್ನು, ಎಂದರೆ ಒಂದೇ ಕಂಪ್ಯೂಟರಿನೊಳಗೆ ಪ್ರೋಗ್ರಾಂಗಳನ್ನು ಬೇರೆ ಬೇರೆ ಇಡುವ ಗೂಡುಗಳನ್ನು, ಬೆಸೆಯುವ ವೆತ್ ಎಂಬ ಜೋಡಿ ಸಾಧನಕ್ಕೆ ಈ ನಿಲ್ಲಿಸುವ ವಿದ್ಯೆಯನ್ನು ಕಲಿಸಿದರು. ಅದರ ವರ್ತುಲವೂ 256 ಮನೆಗಳದ್ದೇ. ಇನ್ನೊಮ್ಮೆ ಎಲೆಯನ್ನು ಇಣುಕಿ ನೋಡುವ ಕೋಡಿನ ಸಾಲು ಇತ್ತು, ತಡೆಗೋಡೆಯೂ ಇತ್ತು. ಆದರೂ ಅದೇ ವರ್ಷ, ನಿತ್ಯ ಬಳಕೆಯಲ್ಲಿದ್ದ ಆರ್ಮ್ ಎಂಬ ಬಗೆಯ ಪ್ರೊಸೆಸರ್ ಇರುವ ಸರ್ವರ್‌ಗಳಲ್ಲಿ ಒಂದೊಂದು ಸರದಿ ನಿಂತದ್ದು ನಿಂತೇ ಹೋಯಿತು, ಮತ್ತೆ ಏಳಲಿಲ್ಲ. ಬೀಗವಿಲ್ಲದೆ, ಎಂದರೆ ಆಚೆಯವನನ್ನು ತಡೆದು ನಿಲ್ಲಿಸದೆ, ಇಣುಕಿದವನ ಕಣ್ಣಿಗೆ ಬಿದ್ದದ್ದು ಹಳಸಿದ ಚಿತ್ರ. ತಿದ್ದುಪಡಿಯಲ್ಲಿ ಆ ಇಣುಕುನೋಟವನ್ನೇ ತೆಗೆದುಹಾಕಿದರು. ಈಗ ನಿಲ್ಲಿಸಿದವನು ಎಲೆ ಖಾಲಿಯೋ ತುಂಬಿದೆಯೋ ಎಂದು ಯೋಚಿಸುವುದಿಲ್ಲ, ಉಣ್ಣುವವನನ್ನು ತಟ್ಟಿ ಎಬ್ಬಿಸಿಬಿಡುತ್ತಾನೆ. ಬಾಲ್ದಿಯವನನ್ನು ಮರಳಿ ಕರೆಯುವ ಹೊಣೆ ಉಣ್ಣುವವನೊಬ್ಬನದೇ, ಅದೂ ತನ್ನ ಸುತ್ತು ಮುಗಿಸಿ ಏಳುವ ಮುನ್ನ.