ಅಪ್ಪ ಒಪ್ಪಿದ್ದು ಯಾಕೆ? ಬಾಣ ಹಾಕಿ ಹುಡುಕುವ ವಿಧಾನ

ಹೈಸ್ಕೂಲಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಡುವುದನ್ನು ಬಿಹಾರ ಸರ್ಕಾರ 2006ರಲ್ಲಿ ಶುರು ಮಾಡಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಲೆಕ್ಕ ಹಾಕಿ ನೋಡಿದರು. ವಯಸ್ಸಿಗೆ ಸರಿಯಾಗಿ ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಏರಿಕೆ ಜಾಸ್ತಿ.

ಸರಿ, ಸೈಕಲ್ ಕೆಲಸ ಮಾಡಿತು. ಆದರೆ ಮನೆಯೊಳಗೆ ಏನಾಯಿತು? ದಾರಿಯ ಹೊತ್ತು ಉಳಿಯಿತು ಅಂತ ಮಗಳನ್ನು ಶಾಲೆಗೆ ಕಳಿಸಲು ಅಪ್ಪ ಒಪ್ಪಿದರಾ, ಇಲ್ಲ ನಾಲ್ಕು ಜನ ಒಟ್ಟಿಗೆ ಹೋಗುತ್ತಾರೆ, ಹೆದರಿಕೆ ಇಲ್ಲ ಅಂತಲಾ? ಇದನ್ನು ಜನರನ್ನೇ ಕೇಳಬೇಕು. ಮೂವತ್ತು ಜನರನ್ನು ಕೇಳಿದರೆ ನೂರಾರು ಪುಟ ಮಾತು ಕೈಗೆ ಬರುತ್ತದೆ. ಅದನ್ನು ಜಾಲಾಡುವ ಒಂದು ವಿಧಾನ ಕಾರಣ ನಕ್ಷೆ.

ಕೆಲಸ ಸರಳ. ಯಾರಾದರೂ "ಇದರಿಂದ ಹಾಗಾಯ್ತು" ಎಂದರೆ ಕಾರಣಕ್ಕೊಂದು, ಪರಿಣಾಮಕ್ಕೊಂದು ಎಂದು ಎರಡು ಡಬ್ಬಿ ಬರೆದು ನಡುವೆ ಬಾಣ ಹಾಕುವುದು. ಬಾಣಕ್ಕೆ ಹೇಳಿದವರ ಗುರುತು ಮತ್ತು ಅವರದೇ ಮಾತನ್ನು ಅಂಟಿಸುವುದು. ರಾಜಕೀಯ ವಿಜ್ಞಾನಿ ರಾಬರ್ಟ್ ಆಕ್ಸೆಲ್‌ರಾಡ್ 1976ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ ನಕ್ಷೆಗಳಿವೆ. ಅದರಲ್ಲೊಂದು, ಪರ್ಷಿಯಾ ಬಗ್ಗೆ 1918ರಲ್ಲಿ ಬ್ರಿಟಿಷ್ ಸಮಿತಿಯೊಂದು ನಡೆಸಿದ ಚರ್ಚೆಯದು. ಆ ದೊಡ್ಡವರ ಮಾತಿನಲ್ಲಿ ತಿರುಗಿ ಮೊದಲಿನ ಜಾಗಕ್ಕೇ ಬರುವ ಬಾಣಗಳು ತೀರಾ ಕಡಿಮೆ. ಶಾಲೆಯಲ್ಲಂತೂ ಅಂಥವು ಬೇಕಾದಷ್ಟಿವೆ: ಪಾಠ ಅರ್ಥವಾಗಲ್ಲ, ಅದಕ್ಕೆ ಶಾಲೆ ತಪ್ಪಿಸುತ್ತಾನೆ, ತಪ್ಪಿಸಿದ್ದಕ್ಕೆ ಪಾಠ ಇನ್ನೂ ಅರ್ಥವಾಗಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಒಬ್ಬ ತಾಯಿ, "ಸೈಕಲ್ ಬಂದ ಮೇಲೆ ಮಗಳು ಬೇಗ ಮನೆಗೆ ಬರ್ತಾಳೆ" ಅಂದರು ಎಂದುಕೊಳ್ಳಿ. ಬೇರೆ ಊರಿನ ಮೇಷ್ಟ್ರು, "ಬೇಗ ಮನೆ ಸೇರುವ ಮಕ್ಕಳು ಚೆನ್ನಾಗಿ ಓದ್ತಾರೆ" ಅಂದರು. ಎರಡೂ ಬಾಣ ಹಾಕಿದರೆ ಸೈಕಲ್‌ನಿಂದ ಓದಿನವರೆಗೆ ದಾರಿ ಸಲೀಸಾಗಿ ಕಾಣುತ್ತದೆ. ಆದರೆ ಆ ಮಾತನ್ನು ಪೂರ್ತಿ ಹೇಳಿದವರು ಯಾರೂ ಇಲ್ಲ! ಆ ತಾಯಿಯ ಮಗಳು ಬೇಗ ಬಂದು ದನ ಮೇಯಿಸಲು ಹೋಗುತ್ತಿರಬಹುದು. ಹಾಗಾಗಿ ಇಡೀ ದಾರಿಯನ್ನು ಒಬ್ಬರೇ ಹೇಳಿದ್ದಾರಾ ಅಂತ ನೋಡಬೇಕು. ಎಷ್ಟು ಜನ ಹಾಗೆ ಹೇಳಿದರು ಎಂದು ಎಣಿಸಬೇಕು. ಎಣಿಕೆಗೂ ಮಿತಿ ಇದೆ. ಹದಿನೈದು ಜನ ಹೇಳಿದ ಕಾರಣ ಹೆಚ್ಚು ಬಲವಾದ ಕಾರಣ ಅಂತೇನಿಲ್ಲ. ಅದು ಹೆಚ್ಚು ಜನರ ಬಾಯಲ್ಲಿ ಬಂದ ಕಾರಣ, ಅಷ್ಟೇ. ನನ್ನ ಕೇಳಿದರೆ, ಚಂದದ ಚಿತ್ರ ಮಾತ್ರ ಇಟ್ಟು, ಅದರ ಹಿಂದಿನ ಮಾತುಗಳನ್ನು ತೋರಿಸದ ವರದಿಯನ್ನು ನಂಬಬಾರದು.

ಕನ್ನಡದ ಸಂದರ್ಶನಗಳಲ್ಲಿ ಇನ್ನೊಂದು ತೊಡಕು. "ಬಸ್ ನಿಂತು ಮಗಳು ಸ್ಕೂಲ್ ಬಿಟ್ಲು" ಅನ್ನುತ್ತಾರೆ. ಬಸ್ ನಿಂತಿದ್ದೇ ಕಾರಣವಾ, ಅಥವಾ ಸುಮ್ನೆ ಒಂದರ ಹಿಂದೆ ಒಂದು ನಡೆದದ್ದಾ? ಬರೆದಿಟ್ಟ ಮಾತು ನೋಡಿ ತೀರ್ಮಾನಿಸಲು ಆಗದು. ಅಲ್ಲೇ, ಆಗಲೇ, "ಬಸ್ ಇದ್ದಿದ್ರೆ ಕಳಿಸ್ತಿದ್ರಾ?" ಅಂತ ಕೇಳಿಬಿಡಬೇಕು.

ಹಾಗಂತ ಉತ್ತರವನ್ನು ನಾವೇ ಬಾಯಿಗೆ ತುರುಕಬಾರದು ಅಲ್ವಾ? ಸೈಕಲ್ ಕೊಟ್ಟವರ ಕಡೆಯವರೇ ಬಂದು ಕೇಳಿದರೆ, ಯಾರು ತಾನೇ ಸೈಕಲ್ ಹೊಗಳುವುದಿಲ್ಲ? ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಕೋಪ್‌ಸ್ಟೇಕ್ ಮತ್ತು ಸಂಗಡಿಗರು ರೂಪಿಸಿದ 'ಕ್ವಿಪ್' ಎಂಬ ವಿಧಾನ ಇದಕ್ಕೊಂದು ಉಪಾಯ ಮಾಡುತ್ತದೆ. ಯಾವ ಯೋಜನೆಯನ್ನು ಪರೀಕ್ಷಿಸುತ್ತಿದ್ದೇವೆ ಎಂಬುದನ್ನು ಸಾಧ್ಯವಾದಷ್ಟೂ ಸಂದರ್ಶಕರಿಗೂ ಹೇಳುವುದಿಲ್ಲ. ಅವರು ಹೋಗಿ "ಈ ಕೆಲವು ವರ್ಷಗಳಲ್ಲಿ ಮಕ್ಕಳ ಓದಿನಲ್ಲಿ ಏನು ಬದಲಾಗಿದೆ? ಯಾಕೆ?" ಎಂಬಂಥ ಪ್ರಶ್ನೆಗಳನ್ನಷ್ಟೇ ಕೇಳುತ್ತಾರೆ. ಆಮೇಲೆ ಬಾಣ ಹಾಕುವವರಿಗೆ ಯೋಜನೆಯ ವಿವರ ಗೊತ್ತಿರುತ್ತದೆ. ಸೈಕಲ್ ಹೆಸರು ಅದಾಗಿಯೇ ಬಂದಿದ್ದರೆ ಆ ಬಾಣಕ್ಕೆ ತೂಕ ಜಾಸ್ತಿ. ಬದಲಿಗೆ, ಊರಿಗೆ ಹೊಸ ರಸ್ತೆ ಬಂದಿದ್ದನ್ನೇ ಎಲ್ಲರೂ ಹೇಳಿದ್ದರೆ, ನಕ್ಷೆಯ ನಡುವೆ ರಸ್ತೆಯೇ ಬರುತ್ತದೆ.