‘ಸೇವ್’ ಒತ್ತಿದ್ದು ನಿಮ್ಮ ಫೋನಿಗೆ ಬಂದಿರುವುದಿಲ್ಲ

ಹಳೆಯ ಹೊಲಿಗೆ ಯಂತ್ರ ರಿಪೇರಿ ಮಾಡುವ ಹಿರಿಯರೊಬ್ಬರು ನನ್ನ ಹತ್ತಿರ ಬಂದಿದ್ದರು. ಮೆಮೊರಿ ಕಾರ್ಡ್, ಹಾರ್ಡ್ ಡಿಸ್ಕ್, ಕೆಟ್ಟ ಫೋನ್ ಇವುಗಳಿಂದ ಅಳಿಸಿಹೋದ ಡೇಟಾ ತೆಗೆದುಕೊಡುವುದು ನನ್ನ ಕೆಲಸ. ಅವರು ಫೋನ್ ನನ್ನ ಕೈಗಿಟ್ಟು, ‘ಮೇಡಂ, ನಾನೇನೂ ಡಿಲೀಟ್ ಮಾಡಿಲ್ಲ. ಎಲ್ಲಾ ಸೇವ್ ಮಾಡಿಟ್ಟಿದ್ದೆ. ಈಗ ತೆರೆದರೆ ಬರ್ತಾ ಇಲ್ಲ’ ಅಂದರು.

ಆರು ವರ್ಷದಿಂದ ಅವರು ಒಂದು ಗುಂಪಿನ ಪೋಸ್ಟ್‌ಗಳನ್ನು ಸೇವ್ ಮಾಡುತ್ತಾ ಬಂದಿದ್ದರು. ದಾರದ ಬಿಗಿ ಸರಿಮಾಡುವುದು, ಸೂಜಿ ಮತ್ತು ಕೊಕ್ಕೆಯ ಹೊಂದಾಣಿಕೆ, ಈಗ ಸಿಗದ ಬಿಡಿಭಾಗಕ್ಕೆ ಬದಲಿ ಏನು ಹಾಕಬಹುದು, ಎಲ್ಲಾ ಫೋಟೊ ಸಮೇತ. ಗುಂಪು ನಡೆಸುತ್ತಿದ್ದವರು ಒಂದು ದಿನ ಅದನ್ನು ಮುಚ್ಚಿದರು. ಸೇವ್ ಪಟ್ಟಿ ಹಾಗೇ ಇತ್ತು. ಯಾವುದನ್ನು ಒತ್ತಿದರೂ ‘ಈ ಪೋಸ್ಟ್ ಲಭ್ಯವಿಲ್ಲ’ ಅನ್ನುವ ಬೂದು ಚೌಕ.

ಕಾರ್ಡಿನಿಂದ ಫೋಟೊ ಅಳಿಸಿಹೋಗಿದ್ದರೆ ನಾನು ಏನಾದರೂ ಮಾಡಬಲ್ಲೆ. ಕಾರ್ಡಿನಲ್ಲಿ ಫೈಲ್ ಅಳಿಸಿದಾಗ ಎಷ್ಟೋ ಸಲ ಅದರ ವಿಳಾಸ ಮಾತ್ರ ಅಳಿಯುತ್ತದೆ. ಅದರ ಜಾಗಕ್ಕೆ ಬೇರೆ ಡೇಟಾ ಬಂದು ಕೂರುವವರೆಗೂ ಒಳಗಿನ ಸರಕು ಅಲ್ಲೇ ಇರುತ್ತದೆ. ಸೇವ್ ಮಾಡಿದ ಪೋಸ್ಟ್‌ನದು ಇದಕ್ಕೆ ಪೂರ್ತಿ ಉಲ್ಟಾ. ವಿಳಾಸ ನಿಮ್ಮ ಖಾತೆಯಲ್ಲಿ ಭದ್ರವಾಗಿದೆ, ಸರಕು ಇರುವುದು ಬೇರೆಯವರ ಹತ್ತಿರ. ಅದು ನಿಮ್ಮ ಫೋನಿಗೆ ಬಂದೇ ಇಲ್ಲದಿದ್ದರೆ ನಾನು ಎಲ್ಲಿಂದ ತೆಗೆಯಲಿ?

ಈ ಮಾತು ಹೇಳುವುದು ನನಗೆ ಯಾವತ್ತೂ ಕಷ್ಟ. ಎದುರಿಗೆ ಕೂತವರು ಸೋಮಾರಿಗಳಲ್ಲ. ಜೋಪಾನ ಮಾಡಬೇಕು ಅಂತಲೇ ಆ ಗುಂಡಿ ಒತ್ತಿದವರು.

ಪೋಸ್ಟ್ ಮಾಯವಾಗಲು ಕಾರಣ ಒಂದೇ ಅಲ್ಲ. ಬರೆದವರೇ ಅಳಿಸಬಹುದು, ಖಾತೆ ಮುಚ್ಚಬಹುದು, ನಿಮ್ಮನ್ನು ಬ್ಲಾಕ್ ಮಾಡಬಹುದು. ಗುಂಪು ಖಾಸಗಿ ಆಗಬಹುದು. ಇಡೀ ತಾಣವೇ ಬಾಗಿಲು ಹಾಕಬಹುದು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಗೂಗಲ್ ಪ್ಲಸ್ ಜನಸಾಮಾನ್ಯರಿಗೆ 2019ರ ಏಪ್ರಿಲ್ 2ಕ್ಕೆ ನಿಂತಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ, ಯಾಹೂ ಆನ್ಸರ್ಸ್ 2021ರ ಮೇ ತಿಂಗಳಲ್ಲಿ ಹೋದವು. ಆಮೇಲೆ ಓದೋಣ ಅಂತ ಲೇಖನ ಎತ್ತಿಡಲೆಂದೇ ಇದ್ದ ಪಾಕೆಟ್ ಕೂಡ 2025ರ ಜುಲೈ 8ಕ್ಕೆ ಕೆಲಸ ನಿಲ್ಲಿಸಿತು. ಪ್ಯೂ ಸಂಶೋಧನಾ ಸಂಸ್ಥೆ 2024ರಲ್ಲಿ ಒಂದು ಲೆಕ್ಕ ಕೊಟ್ಟಿತ್ತು: 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇಕಡ 38ರಷ್ಟು ಹತ್ತು ವರ್ಷದ ಹೊತ್ತಿಗೆ ಸಿಗುತ್ತಿರಲಿಲ್ಲ.

ಇನ್ನೊಂದು ರೀತಿಯ ಸಾವು ಇದೆ, ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ಮಾತು ಉಳಿದಿರುತ್ತದೆ, ಚಿತ್ರ ಹೋಗಿರುತ್ತದೆ. ಹಳೆಯ ಚರ್ಚಾ ವೇದಿಕೆಗಳಲ್ಲಿ ಜನ ಫೋಟೊವನ್ನು ಬೇರೆ ತಾಣದಲ್ಲಿ ಇಟ್ಟು, ಇಲ್ಲಿ ಅದರ ಕೊಂಡಿ (ಲಿಂಕ್) ಮಾತ್ರ ಹಾಕುತ್ತಿದ್ದರು. 2017ರಲ್ಲಿ ಹಾಗೆ ಫೋಟೊ ಇಡುವ ತಾಣವಾಗಿದ್ದ ಫೋಟೊಬಕೆಟ್ ಈ ಸೌಲಭ್ಯಕ್ಕೆ ವರ್ಷಕ್ಕೆ 399 ಡಾಲರ್ ಕೇಳಿತು. ರಾತ್ರೋರಾತ್ರಿ ಎಷ್ಟೋ ವೇದಿಕೆಗಳಲ್ಲಿ ಫೋಟೊ ಇದ್ದ ಕಡೆ ದುಡ್ಡು ಕಟ್ಟಿ ಅನ್ನುವ ಚಿತ್ರ ಬಂದು ಕೂತಿತು. ‘ಕೆಳಗಿನ ಚಿತ್ರದಲ್ಲಿ ತೋರಿಸಿದ ಹಾಗೆ ತಿರುಗಿಸಿ’ ಅನ್ನುವ ಸಾಲು ಇದೆ, ಚಿತ್ರ ಇಲ್ಲ. ರಿಪೇರಿ ಮಾಡುವವರಿಗೆ ಆ ಸಾಲಿನಿಂದ ಏನು ಉಪಯೋಗ?

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಮೊದಲು ನಿಮ್ಮ ಖಾತೆಯ ಡೇಟಾ ಕೇಳಿ ತರಿಸಿಕೊಳ್ಳಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡಕ್ಕೂ ಅಕೌಂಟ್ಸ್ ಸೆಂಟರ್ ಒಳಗೆ ಮಾಹಿತಿ ಡೌನ್‌ಲೋಡ್ ಮಾಡುವ ಜಾಗ ಇದೆ. ಕಾಲಾವಧಿ ಕೇಳುವ ಕಡೆ ‘ಆಲ್ ಟೈಮ್’ ಇಡಿ. ಅದನ್ನು ನೋಡದೆ ಮುಂದೆ ಹೋದರೆ ಈಚಿನದು ಮಾತ್ರ ಬಂದು, ಹಳೆಯದೆಲ್ಲ ಹೋಯಿತು ಅಂತ ಗಾಬರಿ ಆಗುತ್ತೀರಿ. ಫೈಲ್ ತಯಾರಾಗಿದೆ ಅಂತ ಸುದ್ದಿ ಬಂದ ತಕ್ಷಣ ಇಳಿಸಿಕೊಳ್ಳಿ, ಆ ಕೊಂಡಿ ಕೆಲವೇ ದಿನ ಇರುತ್ತದೆ.

ಫೈಲ್ ಯಾವ ರೂಪದಲ್ಲಿ ಬೇಕು ಅಂತಲೂ ಕೇಳುತ್ತಾರೆ: ಎಚ್‌ಟಿಎಂಎಲ್ (ಬ್ರೌಸರ್‌ನಲ್ಲಿ ಪುಟದ ಹಾಗೆ ತೆರೆಯುವಂಥದ್ದು) ಅಥವಾ ಜೇಸನ್ (ಪ್ರೋಗ್ರಾಂಗಳು ಓದಲೆಂದು ಬರೆದಂಥದ್ದು). ಕನ್ನಡ ಓದುವವರು ಎಚ್‌ಟಿಎಂಎಲ್ ಆರಿಸಿ ಅಂತ ನಾನು ಒತ್ತಿ ಹೇಳುತ್ತೇನೆ. ಅದಕ್ಕೆ ಕಾರಣ ಇದೆ. ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಅನ್ನುವ ಒಂದು ಅಕ್ಷರಕ್ಕೆ 3 ಬೈಟ್, ಅಂದರೆ ಮೂರು ತುಣುಕು ಜಾಗ ಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಕೊಡುವ ಜೇಸನ್ ಫೈಲುಗಳಲ್ಲಿ ಆ ಮೂರು ಬೈಟ್ ಮೂರು ಬೇರೆ ಬೇರೆ ಅಕ್ಷರಗಳ ಹಾಗೆ ಬರೆದಿರುವುದನ್ನು ಬಹಳ ಸಲ ನೋಡಿದ್ದೇನೆ. ತೆರೆದರೆ ಕನ್ನಡದ ಜಾಗದಲ್ಲಿ ತಲೆಬುಡ ಇಲ್ಲದ ಚಿಹ್ನೆಗಳ ಸಾಲು. ಒಬ್ಬರಂತೂ ಫೈಲೇ ಕೆಟ್ಟಿದೆ ಅಂದುಕೊಂಡು ಎಸೆದುಬಿಟ್ಟಿದ್ದರು. ಅದು ಕೆಟ್ಟಿರುವುದಿಲ್ಲ. ಪ್ರೋಗ್ರಾಂ ಗೊತ್ತಿರುವವರು ಆ ಬೈಟುಗಳನ್ನು ಮತ್ತೆ ಜೋಡಿಸಿ ಓದಿಸಿಕೊಡಬಹುದು. ಆದರೆ ಆ ತಾಪತ್ರಯ ಯಾಕೆ, ಅಲ್ವಾ?

ಈಗ ಆ ಫೈಲ್ ತೆರೆದು ನೋಡಿ. ಸೇವ್ ಮಾಡಿದ ಒಂದೊಂದು ಪೋಸ್ಟ್‌ಗೂ ಏನಿದೆ? ಇನ್‌ಸ್ಟಾಗ್ರಾಮ್ ಆದರೆ ಬರೆದವರ ಖಾತೆಯ ಹೆಸರು, ಒಂದು ಕೊಂಡಿ, ನೀವು ಸೇವ್ ಮಾಡಿದ ಸಮಯ. ಜೇಸನ್‌ನಲ್ಲಿ ಆ ಸಮಯವೂ ಹತ್ತಂಕಿಯ ಸಂಖ್ಯೆಯಾಗಿರುತ್ತದೆ. 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆದಿದೆ ಅನ್ನುವ ಎಣಿಕೆ ಅದು. 1500000000 ಅಂದರೆ 2017ರ ಜುಲೈ 14. ಅಷ್ಟೇ. ಫೋಟೊ ಇಲ್ಲ, ಬರಹ ಇಲ್ಲ, ಕೆಳಗಿನ ಕಾಮೆಂಟ್ ಇಲ್ಲ. ನಿಮ್ಮದೇ ಪೋಸ್ಟ್‌ಗಳು ಪೂರ್ತಿ ಬರುತ್ತವೆ, ಬೇರೆಯವರದ್ದಕ್ಕೆ ವಿಳಾಸ ಮಾತ್ರ.

ಚರ್ಚಾ ತಾಣ ರೆಡಿಟ್ ಕೂಡ ಹೀಗೇ. ಅಲ್ಲಿ ಇನ್ನೊಂದು ತೊಡಕು, ಸೇವ್ ಪಟ್ಟಿ ತೆರೆದರೆ ಈಚಿನ 1000 ಮಾತ್ರ ಕಾಣುತ್ತದೆ. ಅದಕ್ಕಿಂತ ಹಳೆಯದರ ಕೊಂಡಿ ಬೇಕಾದರೆ ಡೇಟಾ ಕೋರಿಕೆ ಸಲ್ಲಿಸಿ ತರಿಸಿಕೊಳ್ಳಬೇಕು, ಅದಕ್ಕೆ 30 ದಿನದವರೆಗೂ ಹಿಡಿಯಬಹುದು. ಎಕ್ಸ್‌ನ (ಹಿಂದಿನ ಟ್ವಿಟರ್) ಡೇಟಾ ಫೈಲಿನಲ್ಲಿ ನೀವು ಲೈಕ್ ಮಾಡಿದ್ದು ಸಿಗುತ್ತದೆ, ಬುಕ್‌ಮಾರ್ಕ್ ಸಿಗುವುದಿಲ್ಲ. ಬುಕ್‌ಮಾರ್ಕ್ ನಂಬಿದವರು ಒಂದೊಂದಾಗಿ ಕೈಯಲ್ಲೇ ತೆಗೆದಿಡಬೇಕು. ಯೂಟ್ಯೂಬ್ ಪ್ಲೇಲಿಸ್ಟ್, ಗೂಗಲ್ ಖಾತೆಯ ಡೇಟಾ ಇಳಿಸಿಕೊಳ್ಳುವ ಗೂಗಲ್ ಟೇಕ್‌ಔಟ್‌ನಲ್ಲಿ ಬರುತ್ತದೆ, ಆದರೆ ವಿಡಿಯೊದ 11 ಅಕ್ಷರದ ಗುರುತು ಮಾತ್ರ. ವಿಡಿಯೊ ಅಳಿದರೆ ಪ್ಲೇಲಿಸ್ಟ್‌ನಲ್ಲಿ ಅದರ ಹೆಸರೂ ಕಾಣುವುದಿಲ್ಲ, ಏನು ಕಳೆದುಕೊಂಡೆವು ಅನ್ನುವುದೇ ಗೊತ್ತಾಗುವುದಿಲ್ಲ. ಹಾಗಾಗಿ ಮುಖ್ಯವಾದ ವಿಡಿಯೊಗಳ ಹೆಸರನ್ನಾದರೂ ಒಂದು ಕಡೆ ಬರೆದಿಡಿ. ಹೆಸರು ಗೊತ್ತಿದ್ದರೆ ಬೇರೆ ಎಲ್ಲಾದರೂ ಹುಡುಕಬಹುದು.

ಇಷ್ಟು ತಿಳಿದ ಮೇಲೆ ಜನ ಕೇಳುವ ಪ್ರಶ್ನೆ: ಎರಡು ಸಾವಿರ ಸೇವ್ ಇದೆ, ಎಲ್ಲವನ್ನೂ ಇಳಿಸಿಕೊಳ್ಳಲೇ? ಬೇಡ. ಪಟ್ಟಿ ಮುಂದಿಟ್ಟುಕೊಂಡು ಒಂದು ಸಂಜೆ ಕೂರಿ. ಇದು ಹೋದರೆ ಮತ್ತೆ ಎಲ್ಲೂ ಸಿಗುವುದಿಲ್ಲ ಅನ್ನಿಸಿದ್ದಕ್ಕೆ ಮಾತ್ರ ಗುರುತು ಹಾಕಿ. ಸುದ್ದಿ, ದೊಡ್ಡ ಪತ್ರಿಕೆಯ ಲೇಖನ ಇವುಗಳಿಗೆ ಬೇರೆ ಪ್ರತಿಗಳು ಇರುವ ಸಾಧ್ಯತೆ ಜಾಸ್ತಿ. ಕಾಯಿಲೆಯವರನ್ನು ನೋಡಿಕೊಂಡವರ ಅನುಭವ, ಕುಶಲಕರ್ಮಿಯ ಕೈಚಳಕ, ತೀರಿಕೊಂಡ ಸ್ನೇಹಿತರ ಮಾತು, ಇಂಥವಕ್ಕೆ ಎರಡನೇ ಪ್ರತಿ ಇರುವುದಿಲ್ಲ. ನನ್ನ ಅನುಭವದಲ್ಲಿ ಇಂಥ ಪಟ್ಟಿ ನೂರು ದಾಟುವುದು ಅಪರೂಪ. ನೂರು ಪುಟ ಕೈಯಲ್ಲೇ ಉಳಿಸಬಹುದು.

ಉಳಿಸುವುದು ಹೇಗೆ ಅಂತ ಒಂದು ಚರ್ಚೆ ತೆಗೆದುಕೊಂಡು ಹೇಳುತ್ತೇನೆ. ಕಂಪ್ಯೂಟರ್‌ನಲ್ಲಿ ಕ್ರೋಮ್ ಅಥವಾ ಫೈರ್‌ಫಾಕ್ಸ್‌ಗೆ ‘ಸಿಂಗಲ್‌ಫೈಲ್’ ಅನ್ನುವ ಉಚಿತ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಹಾಕಿಕೊಳ್ಳಿ. ಅದು ಪುಟದ ಬರಹ, ಚಿತ್ರ, ವಿನ್ಯಾಸ ಎಲ್ಲವನ್ನೂ ಒಂದೇ ಎಚ್‌ಟಿಎಂಎಲ್ ಫೈಲ್ ಒಳಗೆ ತುಂಬುತ್ತದೆ. ಗುಂಡಿ ಒತ್ತುವ ಮುಂಚೆ ಪುಟವನ್ನು ಕೊನೆಯವರೆಗೂ ನಿಧಾನವಾಗಿ ಎಳೆಯಿರಿ. ಎಷ್ಟೋ ಪುಟಗಳಲ್ಲಿ ಚಿತ್ರ ನಿಮ್ಮ ಕಣ್ಣೆದುರು ಬಂದಾಗಲೇ ಇಳಿಯುತ್ತದೆ. ‘ಇನ್ನಷ್ಟು ಉತ್ತರಗಳು’ ಅಂತ ಮಡಚಿಟ್ಟಿರುವುದನ್ನೆಲ್ಲ ಬಿಚ್ಚಿ. ಬಿಚ್ಚದೆ ಇದ್ದದ್ದು ಫೈಲಿಗೆ ಬರುವುದಿಲ್ಲ, ಮತ್ತು ಬೇಕಾದ ಉತ್ತರ ಬಹಳ ಸಲ ಅಲ್ಲೇ ಇರುತ್ತದೆ. ಹಳೆಯ ವೇದಿಕೆಗಳಲ್ಲಿ ಒಂದು ಚರ್ಚೆ ಐದಾರು ಪುಟಕ್ಕೆ ಹರಡಿರುತ್ತದೆ, ಪ್ರತಿ ಪುಟವನ್ನೂ ಬೇರೆ ಬೇರೆ ಉಳಿಸಿ. ಪ್ರಶ್ನೆ ಇರುವ ಮೊದಲ ಪುಟ ಉಳಿಸಿ, ಪರಿಹಾರ ಇದ್ದ ನಾಲ್ಕನೇ ಪುಟ ಬಿಟ್ಟವರನ್ನು ನೋಡಿದ್ದೇನೆ.

ಎಕ್ಸ್‌ನಂಥ ಕಡೆ ಇದಕ್ಕೆ ವಿರುದ್ಧವಾದ ತೊಂದರೆ. ಕೆಳಗೆ ಎಳೆದ ಹಾಗೆ ಮೇಲಿನದನ್ನು ಅದು ಪುಟದಿಂದ ತೆಗೆದುಹಾಕುತ್ತಾ ಹೋಗುತ್ತದೆ. ಕೊನೆ ಮುಟ್ಟಿ ಉಳಿಸಿದರೆ ತುದಿ ಮಾತ್ರ ಸಿಗುತ್ತದೆ. ಅಲ್ಲಿ ತುಂಡು ತುಂಡಾಗಿ ಉಳಿಸುತ್ತಾ ಬನ್ನಿ. ವಿಡಿಯೊ ಉಳಿಸಲು ಈ ವಿಧಾನವನ್ನು ನಂಬಬೇಡಿ.

ಉಳಿಸಿದ ಮೇಲೆ ಒಂದು ಪರೀಕ್ಷೆ. ವೈಫೈ ಆಫ್ ಮಾಡಿ, ಆ ಫೈಲ್ ತೆರೆಯಿರಿ. ಚಿತ್ರ ಸಮೇತ ಕಂಡರೆ ಅದು ನಿಮ್ಮದಾಯಿತು. ಚಿತ್ರದ ಜಾಗ ಖಾಲಿ ಇದ್ದರೆ ಇನ್ನೂ ಕೊಂಡಿಯೇ ನಿಮ್ಮ ಹತ್ತಿರ ಇರುವುದು. ಯಾವ ವಿಧಾನ ಬಳಸಿದರೂ ಈ ಪರೀಕ್ಷೆ ಬಿಡಬೇಡಿ.

ಫೈಲಿನ ಹೆಸರಲ್ಲಿ ದಿನಾಂಕವನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಮೊದಲು ಹಾಕಿ, ಆಮೇಲೆ ವಿಷಯ. ‘2024-03-17 ದಾರದ ಬಿಗಿ’ ಅಂತ. ಫೋಲ್ಡರ್ ತನ್ನಷ್ಟಕ್ಕೆ ಕಾಲಕ್ರಮದಲ್ಲಿ ಜೋಡಣೆಯಾಗುತ್ತದೆ.

ಸ್ಕ್ರೀನ್‌ಶಾಟ್ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸುಮ್ನೆ ಬೇಡ ಅನ್ನುವುದಿಲ್ಲ. 24 ಗಂಟೆಗೆ ಮಾಯವಾಗುವ ಸ್ಟೋರಿಗೆ, ಆ್ಯಪ್‌ನಲ್ಲಿ ಮಾತ್ರ ತೆರೆಯುವ ಗುಂಪಿಗೆ ಅದೇ ಗತಿ. ಆದರೆ ಅದರಲ್ಲಿ ಕೊಂಡಿ ಇರುವುದಿಲ್ಲ, ಪದ ಹಾಕಿ ಹುಡುಕುವುದೂ ಕಷ್ಟ. ತೆಗೆಯುವಾಗ ಬರೆದವರ ಹೆಸರು, ದಿನಾಂಕ ಕಾಣುವ ಹಾಗೆ ತೆಗೆಯಿರಿ. ಎರಡು ವರ್ಷ ಕಳೆದ ಮೇಲೆ ಯಾರು ಹೇಳಿದ್ದು ಅನ್ನುವುದು ನಿಮಗೂ ಮರೆತಿರುತ್ತದೆ.

ಪುಟ ಎಲ್ಲರಿಗೂ ತೆರೆದಿದ್ದರೆ ಇನ್ನೊಂದು ದಾರಿ ಇದೆ. 1996ರಲ್ಲಿ ಶುರುವಾದ ಇಂಟರ್‌ನೆಟ್ ಆರ್ಕೈವ್ ನಡೆಸುವ ವೇಬ್ಯಾಕ್ ಮಷೀನ್‌ಗೆ ಕೊಂಡಿ ಕೊಟ್ಟರೆ ಅದು ಪುಟದ ಪ್ರತಿ ಮಾಡಿಡುತ್ತದೆ. ಲಾಗಿನ್ ಕೇಳುವ ಪುಟ ಅದಕ್ಕೆ ಸಿಗುವುದಿಲ್ಲ. ಅದೊಂದನ್ನೇ ನಂಬಿಕೊಳ್ಳುವುದೂ ಬೇಡ. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿ ಆಗಿ ಅದೂ ಕೆಲವು ದಿನ ಬಂದ್ ಆಗಿತ್ತು.

ಇನ್ನು ಇಡುವ ಜಾಗ. ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯ ಮಾಡಿದ 3-2-1 ಲೆಕ್ಕ ನಮ್ಮ ವೃತ್ತಿಯಲ್ಲಿ ಎಲ್ಲರ ಬಾಯಲ್ಲೂ ಇದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಕಂಪ್ಯೂಟರ್‌ನಲ್ಲೊಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲೊಂದು, ಕ್ಲೌಡ್‌ನಲ್ಲೊಂದು ಇದ್ದರೆ ಆಯಿತು. ಪೆನ್‌ಡ್ರೈವ್ ಒಂದನ್ನೇ ನಂಬಿ ಬೀರುವಿನಲ್ಲಿ ವರ್ಷಗಟ್ಟಲೆ ಇಡಬೇಡಿ. ಕರೆಂಟ್ ಇಲ್ಲದೆ ಬಿದ್ದಿದ್ದರೆ ಅದರೊಳಗೆ ಡೇಟಾ ಹಿಡಿದಿಟ್ಟಿರುವ ವಿದ್ಯುದಂಶ ನಿಧಾನಕ್ಕೆ ಸೋರುತ್ತದೆ. ಫೋನಿನ ಜೊತೆ ಸಿಂಕ್ ಆಗಿರುವ ಕ್ಲೌಡ್ ಫೋಲ್ಡರನ್ನು ಎರಡನೇ ಪ್ರತಿ ಅಂತ ಎಣಿಸಬೇಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ.

ಒಂದು ಮಾತು ಹೇಳಲೇಬೇಕು. ನೀವು ಉಳಿಸುತ್ತಿರುವುದು ಬೇರೆಯವರ ಮಾತು. ಅವರು ಯೋಚಿಸಿ ಅಳಿಸಿದ್ದನ್ನು ನೀವು ಮತ್ತೆ ಊರಿಗೆಲ್ಲ ಹಂಚುವುದು ತಪ್ಪು. ಮುಚ್ಚಿದ ಗುಂಪಿನಲ್ಲಿ ನಂಬಿಕೆಯಿಂದ ಹೇಳಿಕೊಂಡಿದ್ದನ್ನು ಹೊರಗೆ ತರುವುದಂತೂ ದೊಡ್ಡ ದ್ರೋಹ. ಓದಲು, ಕಲಿಯಲು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಮತ್ತೆ ಪ್ರಕಟಿಸುವ ಆಸೆ ಇದ್ದರೆ ಅವರನ್ನೇ ಕೇಳಿ.

ಹೊಲಿಗೆ ಯಂತ್ರದ ಆ ಹಿರಿಯರ ಫೋನನ್ನು ಎರಡು ದಿನ ಜಾಲಾಡಿದೆ. ಗುಂಪು ಮೊದಲಿನಿಂದಲೂ ಖಾಸಗಿ, ಹಾಗಾಗಿ ವೇಬ್ಯಾಕ್ ಮಷೀನ್‌ನಲ್ಲಿ ಏನೂ ಇರಲಿಲ್ಲ. ಸಿಕ್ಕಿದ್ದು ಹನ್ನೊಂದು ಸ್ಕ್ರೀನ್‌ಶಾಟ್. ತಮ್ಮ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗನಿಗೆ ತೋರಿಸಲು ಅವರು ಯಾವತ್ತೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು. ಕಳಿಸಿದ್ದು ಅವರಿಗೆ ಮರೆತೇಹೋಗಿತ್ತು. ‘ಇದೇ, ಈ ಕೊಕ್ಕೆಯ ಫೋಟೊನೇ ನಾನು ಹುಡುಕ್ತಾ ಇದ್ದಿದ್ದು’ ಅಂತ ಫೋನನ್ನು ಕಣ್ಣಿನ ಹತ್ತಿರ ಹಿಡಿದುಕೊಂಡರು. ಹನ್ನೊಂದನ್ನೂ ಕಂಪ್ಯೂಟರ್‌ಗೆ ಹಾಕಿ, ದಿನಾಂಕ ಬರೆದು, ಎರಡು ಕಡೆ ಪ್ರತಿ ಮಾಡಿಕೊಟ್ಟೆ.